ಹಳೆಯ ಚೀನೀ ರಫ್ತು ಪಿಂಗಾಣಿ ತಟ್ಟೆಗಳು: ಗುರುತಿಸುವಿಕೆ ಮತ್ತು ಕಾಲನಿರ್ಣಯದ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಹಿರಿಯರ ಕಾಲದಿಂದ ಮನೆಯಲ್ಲಿ ಉಳಿದುಬಂದ ಅಥವಾ ಹಳೆಯ ಸಾಮಾನುಗಳ ಅಂಗಡಿಯಲ್ಲಿ ಖರೀದಿಸಿದ ಚೀನೀ ಪಿಂಗಾಣಿ ತಟ್ಟೆಗಳನ್ನು ಹೊರದೇಶಕ್ಕೆ ಕೊಂಡೊಯ್ಯಲು, ಮಾರಾಟ ಮಾಡಲು ಅಥವಾ ದಾನವಾಗಿ ನೀಡಲು ಬಯಸುವ ನಾಗರಿಕರು ಮೊದಲು ಅವುಗಳ ಕಾಲವನ್ನು ತಿಳಿದುಕೊಳ್ಳುವುದು ಅವಶ್ಯಕವಾಗಿರುತ್ತದೆ. ಈ ಪುಟದಲ್ಲಿ ಅಂತಹ ತಟ್ಟೆಗಳನ್ನು ಮನೆಯಲ್ಲಿಯೇ ಪ್ರಾಥಮಿಕವಾಗಿ ಪರಿಶೀಲಿಸುವ ಕ್ರಮವನ್ನೂ, ಅರ್ಜಿ ಸಲ್ಲಿಸುವ ಮುನ್ನ ಗಮನಿಸಬೇಕಾದ ಅಂಶಗಳನ್ನೂ ಸರಳವಾಗಿ ವಿವರಿಸಲಾಗಿದೆ. ಇಲ್ಲಿನ ವಿವರಣೆಯು ತಿಳಿವಳಿಕೆಗಾಗಿ ಮಾತ್ರ. ಇದು ಸಕ್ಷಮ ಪ್ರಾಧಿಕಾರದ ನಿರ್ಣಯಕ್ಕೆ ಬದಲಿಯಾಗುವುದಿಲ್ಲ.

ಬಹುತೇಕ ಜನರು ತಟ್ಟೆಯನ್ನು ಕೈಗೆತ್ತಿಕೊಂಡ ಕೂಡಲೇ ತಲೆಕೆಳಗು ಮಾಡಿ, ಅಡಿಯಲ್ಲಿರುವ ಚೀನೀ ಅಕ್ಷರಗಳನ್ನು ಓದಿಸಿ, ಅದರಿಂದಲೇ ಕಾಲವನ್ನು ನಿರ್ಧರಿಸುತ್ತಾರೆ. ಇದು ತಪ್ಪು ಕ್ರಮ. ಮುದ್ರೆಯನ್ನು ಯಾವ ಕಾಲದಲ್ಲಿಯಾದರೂ ಬರೆಯಬಹುದು. ಆದರೆ ಮಣ್ಣು, ಮೆರುಗು, ಬಣ್ಣ ಮತ್ತು ಸವೆತಗಳನ್ನು ಬೇರೊಂದು ಕಾಲದ್ದೆಂದು ತೋರುವಂತೆ ಮಾಡುವುದು ಸುಲಭವಲ್ಲ. ಆದುದರಿಂದ ಮೊದಲು ತಟ್ಟೆಯನ್ನು ಪರೀಕ್ಷಿಸಿ, ಮುದ್ರೆಯನ್ನು ಕಡೆಯಲ್ಲಿ ನೋಡತಕ್ಕದ್ದು.

2. ಕಾಲನಿರ್ಣಯ ಏಕೆ ಅವಶ್ಯಕ?

ಪ್ರಾಚ್ಯವಸ್ತುಗಳು ಮತ್ತು ಕಲಾ ನಿಧಿಗಳ ಅಧಿನಿಯಮ, 1972ರ ಪ್ರಕಾರ, ನೂರು ವರ್ಷಗಳಿಗೆ ಕಡಿಮೆಯಿಲ್ಲದ ಕಾಲದಿಂದ ಅಸ್ತಿತ್ವದಲ್ಲಿರುವ ಕಲೆ ಅಥವಾ ಕುಶಲಕರ್ಮದ ವಸ್ತುವು ‘ಪ್ರಾಚ್ಯವಸ್ತು’ ಎನಿಸುತ್ತದೆ. ವಸ್ತುವು ಭಾರತದಲ್ಲಿಯೇ ತಯಾರಾಗಿರಬೇಕೆಂಬ ನಿಬಂಧನೆ ಈ ವ್ಯಾಖ್ಯೆಯಲ್ಲಿ ಇಲ್ಲ. ಆದ್ದರಿಂದ ಚೀನಾದಲ್ಲಿ ತಯಾರಾಗಿ ಭಾರತಕ್ಕೆ ಬಂದ ತಟ್ಟೆಗೂ ಇದು ಅನ್ವಯಿಸಬಹುದು. ನಾಗರಿಕರು ಈ ಕೆಳಕಂಡ ಅಂಶಗಳನ್ನು ಗಮನದಲ್ಲಿಡತಕ್ಕದ್ದು:

(ಅ) ಕೇಂದ್ರ ಸರ್ಕಾರ ಅಥವಾ ಅದು ಅಧಿಕೃತಗೊಳಿಸಿದ ಸಂಸ್ಥೆಯ ಹೊರತು ಬೇರೆ ಯಾರೂ ಪ್ರಾಚ್ಯವಸ್ತುವನ್ನು ರಫ್ತು ಮಾಡುವಂತಿಲ್ಲ. ಉಲ್ಲಂಘನೆಗೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷಗಳವರೆಗೆ ವಿಸ್ತರಿಸಬಹುದಾದ ಕಾರಾವಾಸ ಮತ್ತು ಜುಲ್ಮಾನೆಯನ್ನು ಸದರಿ ಅಧಿನಿಯಮದ 25ನೇ ಪ್ರಕರಣದಲ್ಲಿ ವಿಧಿಸಲಾಗಿದೆ.

(ಆ) ಪ್ರಾಚ್ಯವಸ್ತುಗಳ ಮಾರಾಟವನ್ನು ವ್ಯಾಪಾರವಾಗಿ ನಡೆಸಲು ಪರವಾನಗಿ ಪಡೆಯುವುದು ಕಡ್ಡಾಯ.

(ಇ) ಸ್ವಾಧೀನದಲ್ಲಿರುವ ವಸ್ತುವಿನ ನೋಂದಣಿಯು ಕೇಂದ್ರ ಸರ್ಕಾರವು ಅಧಿಸೂಚನೆಯಲ್ಲಿ ನಮೂದಿಸಿದ ಶಿಲ್ಪ, ವರ್ಣಚಿತ್ರ, ಸಚಿತ್ರ ಹಸ್ತಪ್ರತಿ ಮುಂತಾದ ವರ್ಗಗಳಿಗೆ ಸಂಬಂಧಿಸಿದೆ. ಹಿರಿಯರ ಪಿಂಗಾಣಿ ತಟ್ಟೆಯನ್ನು ಮನೆಯಲ್ಲಿ ಇಟ್ಟುಕೊಂಡಿರುವುದು ಅಪರಾಧವಲ್ಲ. ಈ ಬಗ್ಗೆ ಗಾಬರಿಪಡುವ ಅಗತ್ಯವಿಲ್ಲ.

(ಈ) ಒಂದು ವಸ್ತುವು ಪ್ರಾಚ್ಯವಸ್ತುವೇ ಅಲ್ಲವೇ ಎಂಬ ಪ್ರಶ್ನೆ ಉದ್ಭವಿಸಿದಲ್ಲಿ, 24ನೇ ಪ್ರಕರಣದಂತೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರು ಅಥವಾ ಅವರಿಂದ ಅಧಿಕೃತರಾದವರು ನೀಡುವ ನಿರ್ಣಯವೇ ಅಂತಿಮ.

ನೂರು ವರ್ಷಗಳ ಗಡಿಯು ಪ್ರತಿ ವರ್ಷವೂ ಮುಂದೆ ಸರಿಯುತ್ತದೆ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಅಧಿನಿಯಮವು ಜಾರಿಗೆ ಬಂದ 1976ರಲ್ಲಿ, 1920ರ ಸುಮಾರಿನ ತಟ್ಟೆಯೊಂದು ಪ್ರಾಚ್ಯವಸ್ತುವಾಗಿರಲಿಲ್ಲ. ಅದೇ ತಟ್ಟೆ ಇಂದು ನೂರು ವರ್ಷಗಳನ್ನು ಪೂರೈಸಿದೆ. ಹಿಂದೆ ಯಾರಿಗೋ ತೊಂದರೆಯಾಗಲಿಲ್ಲವೆಂಬ ಕಾರಣದಿಂದ ಇಂದು ಅದೇ ಬಗೆಯ ತಟ್ಟೆಯನ್ನು ಪೆಟ್ಟಿಗೆಯಲ್ಲಿಟ್ಟು ವಿಮಾನ ಹತ್ತುವುದು ಸೂಕ್ತವಲ್ಲ.

3. ರಫ್ತು ಪಿಂಗಾಣಿ ಎಂದರೇನು?

ಚೀನಾದ ಕುಶಲಕರ್ಮಿಗಳು ಹೊರದೇಶಗಳ ಮಾರುಕಟ್ಟೆಗಾಗಿ, ಅಲ್ಲಿನ ಗ್ರಾಹಕರ ಅಭಿರುಚಿಗೆ ತಕ್ಕಂತೆ ತಯಾರಿಸಿದ ಪಿಂಗಾಣಿಯನ್ನು ರಫ್ತು ಪಿಂಗಾಣಿ ಎಂದು ಕರೆಯಲಾಗುತ್ತದೆ. ಇದರ ಪ್ರಮುಖ ಕೇಂದ್ರವು ಜಿಯಾಂಗ್‌ಶಿ ಪ್ರಾಂತ್ಯದ ಜಿಂಗ್‌ಡೆಝೆನ್ ಪಟ್ಟಣ. ಕಾವೊಲಿನ್ ಎಂಬ ಬಿಳಿ ಜೇಡಿಮಣ್ಣು ಹಾಗೂ ಪುಡಿಮಾಡಿದ ಪಿಂಗಾಣಿ ಕಲ್ಲನ್ನು ಬೆರೆಸಿ, ಸುಮಾರು 1300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಆವಿಗೆಯಲ್ಲಿ ಸುಟ್ಟಾಗ ಗಟ್ಟಿಯಾದ, ನೀರು ಹೀರದ, ತೆಳುವಾದಲ್ಲಿ ಬೆಳಕು ಹಾಯುವ ವಸ್ತು ದೊರೆಯುತ್ತದೆ. ಕಾವೊಲಿನ್ ಎಂಬ ಹೆಸರು ಜಿಂಗ್‌ಡೆಝೆನ್ ಸಮೀಪದ ಗಾವೊಲಿಂಗ್ ಎಂಬ ಸ್ಥಳದಿಂದ ಬಂದಿದೆ.

ಪೋರ್ಚುಗೀಸರು 1557ರಲ್ಲಿ ಮಕಾವ್‌ನಲ್ಲಿ ನೆಲೆಯೂರಿದ ಬಳಿಕವೂ, 1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಸ್ಥಾಪನೆಯಾದ ಬಳಿಕವೂ ಯುರೋಪಿಗೆ ಸಾಗಣೆ ಹೆಚ್ಚಿತು. 1757ರಿಂದ 1842ರವರೆಗೆ ಪಾಶ್ಚಾತ್ಯರ ಸಮುದ್ರ ವ್ಯಾಪಾರವು ಕ್ಯಾಂಟನ್, ಅಂದರೆ ಇಂದಿನ ಗುವಾಂಗ್‌ಝೌ ಬಂದರಿಗೆ ಸೀಮಿತವಾಗಿತ್ತು. ಜಿಂಗ್‌ಡೆಝೆನ್‌ನಲ್ಲಿ ಸುಟ್ಟ ಬಿಳಿಯ ತಟ್ಟೆಗಳಿಗೆ ಕ್ಯಾಂಟನ್ನಿನ ಕಾರ್ಯಾಗಾರಗಳಲ್ಲಿ ಗ್ರಾಹಕರ ಬೇಡಿಕೆಯಂತೆ ಬಣ್ಣ ಬರೆದು ಮತ್ತೊಮ್ಮೆ ಕಡಿಮೆ ಶಾಖದಲ್ಲಿ ಸುಡಲಾಗುತ್ತಿತ್ತು. ಹಡಗುಗಳಲ್ಲಿ ಪಿಂಗಾಣಿಯನ್ನು ತಳದಲ್ಲಿ ಜೋಡಿಸಿ, ನೀರು ತಾಗಿದರೆ ಕೆಡುವ ಚಹಾ ಪೆಟ್ಟಿಗೆಗಳನ್ನು ಅದರ ಮೇಲೆ ಇಡುತ್ತಿದ್ದರು.

ಭಾರತಕ್ಕೆ ಚೀನೀ ಪಿಂಗಾಣಿ ಯುರೋಪಿಯನ್ನರಿಗಿಂತ ಬಹಳ ಮೊದಲೇ ಬರುತ್ತಿತ್ತು. ಹಂಪಿಯ ಉತ್ಖನನಗಳಲ್ಲಿ ಅದರ ಚೂರುಗಳು ದೊರೆತಿವೆ. ಮುಂದೆ ಗೋವಾದ ಪೋರ್ಚುಗೀಸ್ ಸಂಪರ್ಕದ ಮೂಲಕವೂ, ಕ್ಯಾಂಟನ್ನಿನೊಂದಿಗೆ ವ್ಯವಹರಿಸುತ್ತಿದ್ದ ಮುಂಬಯಿಯ ಪಾರ್ಸಿ ಮೊದಲಾದ ವರ್ತಕರ ಮೂಲಕವೂ ತಟ್ಟೆ, ಬಟ್ಟಲುಗಳು ಪಶ್ಚಿಮ ಕರಾವಳಿಯನ್ನು ತಲುಪಿದವು.

4. ಪರಿಶೀಲನೆಯ ಕ್ರಮ

ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ, ಹಗಲು ಬೆಳಕಿನಲ್ಲಿ ಪರೀಕ್ಷಿಸತಕ್ಕದ್ದು. ಒಂದು ಭೂತಗನ್ನಡಿ, ಒಂದು ಟಾರ್ಚ್ ಮತ್ತು ಅಳತೆಪಟ್ಟಿ ಇದ್ದರೆ ಸಾಕು. ಕೈಯಲ್ಲಿರುವ ಉಂಗುರ, ಬಳೆಗಳನ್ನು ತೆಗೆದಿಡುವುದು ಒಳ್ಳೆಯದು.

ಹಂತ 1 – ವಸ್ತು: ತಟ್ಟೆಯ ಹಿಂದೆ ಟಾರ್ಚ್ ಹಿಡಿದಾಗ ತೆಳುವಾದ ಭಾಗದಲ್ಲಿ ಬೆಳಕು ಹಾಯ್ದರೆ ಅದು ಪಿಂಗಾಣಿಯಾಗಿರುವ ಸಂಭವವಿದೆ. ದಪ್ಪನೆಯ ತಟ್ಟೆಯಲ್ಲಿ ಬೆಳಕು ಕಾಣದೆಯೂ ಇರಬಹುದು. ಅಂಚು ಒಡೆದ ಕಡೆ ಬಿಳಿಯಾಗಿ, ಗಟ್ಟಿಯಾಗಿ, ಗಾಜಿನಂತೆ ಕಂಡರೆ ಪಿಂಗಾಣಿ. ಹಳದಿ ಅಥವಾ ಕಂದುಬಣ್ಣದ ಮೆತ್ತನೆಯ ಮಣ್ಣು ಕಂಡರೆ ಅದು ಮೆರುಗು ಹಚ್ಚಿದ ಮಣ್ಣಿನ ತಟ್ಟೆ.

ಹಂತ 2 – ಅಡಿಬಳೆ: ತಟ್ಟೆಯು ನಿಲ್ಲಲು ಅಡಿಯಲ್ಲಿರುವ ಉಬ್ಬಿದ ಬಳೆಯನ್ನು ಇಲ್ಲಿ ಅಡಿಬಳೆ ಎಂದು ಕರೆಯಲಾಗಿದೆ. ಇದರ ತುದಿಗೆ ಮೆರುಗು ಇರುವುದಿಲ್ಲವಾದ್ದರಿಂದ ಮಣ್ಣಿನ ನಿಜರೂಪ ಇಲ್ಲಿ ಕಾಣುತ್ತದೆ. 18ನೇ ಶತಮಾನದ ಅನೇಕ ತಟ್ಟೆಗಳಲ್ಲಿ, ಮೆರುಗು ಮುಗಿದು ಬರಿಮಣ್ಣು ಆರಂಭವಾಗುವ ಗೆರೆಯಲ್ಲಿ ಕಿತ್ತಳೆ ಮಿಶ್ರಿತ ಕಂದುಬಣ್ಣದ ತೆಳುವಾದ ಅಂಚು ಕಾಣುತ್ತದೆ. ಮಣ್ಣಿನಲ್ಲಿರುವ ಕಬ್ಬಿಣದ ಅಂಶದಿಂದ ಆವಿಗೆಯಲ್ಲಿ ಇದು ಉಂಟಾಗುತ್ತದೆ. ಈ ಬಣ್ಣವನ್ನು ನಕಲುಗಾರರು ಲೇಪಿಸುವುದೂ ಉಂಟು. ಲೇಪಿಸಿದ ಬಣ್ಣವು ಬಳೆಯ ಸುತ್ತಲೂ ಒಂದೇ ಸಮನಾಗಿರುತ್ತದೆ. ಸಹಜವಾದುದು ಅಲ್ಲಲ್ಲಿ ಗಾಢವಾಗಿಯೂ ಅಲ್ಲಲ್ಲಿ ಮಾಸಲಾಗಿಯೂ ಇರುತ್ತದೆ.

ಹಂತ 3 – ಮೆರುಗು: ಹಳೆಯ ಚೀನೀ ಮೆರುಗು ಸಾಮಾನ್ಯವಾಗಿ ಅಪ್ಪಟ ಬಿಳಿಯಲ್ಲ, ನಸುನೀಲಿ ಅಥವಾ ನಸುಹಸಿರು ಛಾಯೆಯುಳ್ಳದ್ದು. ಸೂಜಿಮೊನೆಯಂತಹ ರಂಧ್ರಗಳು, ಕಪ್ಪು ಚುಕ್ಕೆಗಳು, ಕಿತ್ತಳೆ ಸಿಪ್ಪೆಯಂತಹ ಮೇಲ್ಮೈ ಇವು ದೋಷಗಳಲ್ಲ, ಕೈಕೆಲಸದ ಲಕ್ಷಣಗಳು.

ಹಂತ 4 – ಬಣ್ಣ: ಕೋಬಾಲ್ಟ್ ನೀಲಿಯನ್ನು ಮೆರುಗಿನ ಕೆಳಗೆ ಬರೆಯಲಾಗುತ್ತದೆ. ಆದ್ದರಿಂದ ಬೆರಳಾಡಿಸಿದಾಗ ನೀಲಿ ಗೆರೆಯು ಕೈಗೆ ತಾಗುವುದಿಲ್ಲ. ಕೆಂಪು, ಹಸಿರು, ಗುಲಾಬಿ ಮೊದಲಾದ ಎನಾಮೆಲ್ ಬಣ್ಣಗಳು ಮೆರುಗಿನ ಮೇಲೆ ಇರುವುದರಿಂದ ಸ್ವಲ್ಪ ಉಬ್ಬಿರುವಂತೆ ತೋರುತ್ತವೆ. ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ, ಹಳೆಯ ಎನಾಮೆಲ್ ಬಣ್ಣಗಳ ಸುತ್ತ ಎಣ್ಣೆ ಬಿದ್ದ ನೀರಿನಂತಹ ಕಾಮನಬಿಲ್ಲಿನ ಛಾಯೆ ಕಾಣಬಹುದು. ಭೂತಗನ್ನಡಿಯಲ್ಲಿ ಕುಂಚದ ಎಳೆತ, ಗೆರೆಯ ದಪ್ಪ ತೆಳುವು ಕಂಡರೆ ಕೈಬರಹ. ಸಮನಾದ ಸಣ್ಣ ಚುಕ್ಕೆಗಳು ಅಥವಾ ಅಂಚಿನ ವಿನ್ಯಾಸದಲ್ಲಿ ಜೋಡಣೆಯ ಸಂದು ಕಂಡರೆ ಅಚ್ಚು.

ಹಂತ 5 – ಸವೆತ: ಬಳಸಿದ ತಟ್ಟೆಯಲ್ಲಿ ಗೀರುಗಳು ಬೇರೆ ಬೇರೆ ದಿಕ್ಕಿಗೆ, ಬೇರೆ ಬೇರೆ ಆಳದಲ್ಲಿ ಇರುತ್ತವೆ. ಚಿನ್ನದ ಗೆರೆ ಇದ್ದಲ್ಲಿ ಅದು ಕೈ ಹೆಚ್ಚು ತಾಗುವ ಕಡೆ ಮಾಸಿರುತ್ತದೆ. ಅಡಿಬಳೆಯ ತುದಿ ನುಣುಪಾಗಿರುತ್ತದೆ. ಒಂದೇ ದಿಕ್ಕಿನ ಗೀರುಗಳು ಅಥವಾ ಸವೆತವಾಗಲು ಕಾರಣವೇ ಇಲ್ಲದ ಜಾಗದಲ್ಲಿ ಸವೆತ ಕಂಡರೆ, ಅದು ಉದ್ದೇಶಪೂರ್ವಕವಾಗಿ ಮಾಡಿದ್ದೆಂದು ಸಂಶಯಿಸಬಹುದು.

ಹಂತ 6 – ಮುದ್ರೆ: ಮೇಲಿನ ಐದು ಹಂತಗಳ ಫಲಿತಾಂಶವನ್ನು ಒಂದು ಕಾಗದದಲ್ಲಿ ಬರೆದುಕೊಂಡ ನಂತರವೇ ಮುದ್ರೆಯನ್ನು ನೋಡತಕ್ಕದ್ದು. ಮುದ್ರೆಯು ಉಳಿದ ಲಕ್ಷಣಗಳಿಗೆ ಹೊಂದಿಕೆಯಾಗದಿದ್ದಲ್ಲಿ ಉಳಿದ ಲಕ್ಷಣಗಳನ್ನೇ ನಂಬಬೇಕು.

5. ಕಾಲಘಟ್ಟವಾರು ಲಕ್ಷಣಗಳು

(ಅ) ಸುಮಾರು 1573ರಿಂದ 1644: ಮಿಂಗ್ ರಾಜವಂಶದ ವಾನ್‌ಲಿ ಆಳ್ವಿಕೆ ಮತ್ತು ಅದರ ನಂತರದ ಕಾಲ. ‘ಕ್ರಾಕ್’ ಎಂದು ಕರೆಯಲಾಗುವ ನೀಲಿ–ಬಿಳಿ ತಟ್ಟೆಗಳು ಈ ಕಾಲದವು. ಮಧ್ಯದಲ್ಲಿ ಜಿಂಕೆ, ಹಕ್ಕಿ ಅಥವಾ ಹೂವು ಇದ್ದು, ಅಂಚನ್ನು ಮನೆಗಳಂತೆ ವಿಭಾಗಿಸಿ ಪ್ರತಿ ಮನೆಯಲ್ಲಿ ಒಂದೊಂದು ಚಿತ್ರ ಬರೆದಿರುತ್ತದೆ. ತಟ್ಟೆ ತೆಳು. ಅಂಚಿನಲ್ಲಿ ಹುಳು ತಿಂದಂತೆ ಮೆರುಗು ಉದುರಿರುತ್ತದೆ. ಅಡಿಬಳೆಗೆ ಆವಿಗೆಯ ಮರಳು ಅಂಟಿರುತ್ತದೆ. ಅಡಿಯಲ್ಲಿ ಕುಂಬಾರನ ಉಳಿಯಿಂದಾದ, ಮಧ್ಯದಿಂದ ಹೊರಕ್ಕೆ ಹರಡುವ ಗೆರೆಗಳು ಕಾಣುತ್ತವೆ.

(ಆ) 1644ರಿಂದ 1683: ರಾಜವಂಶ ಬದಲಾವಣೆ ಮತ್ತು ಅಂತರ್ಯುದ್ಧದ ಕಾಲ. ಯುರೋಪಿಗೆ ರಫ್ತು ಬಹಳ ಕುಗ್ಗಿತು. ಡಚ್ಚರು ಜಪಾನಿನ ಅರಿತ ಪಿಂಗಾಣಿಯ ಕಡೆಗೆ ತಿರುಗಿದರು.

(ಇ) 1683ರಿಂದ 1722: ಚಿಂಗ್ ರಾಜವಂಶದ ಕಾಂಗ್‌ಶಿ ಆಳ್ವಿಕೆಯ ಉತ್ತರಾರ್ಧ. ಜಿಂಗ್‌ಡೆಝೆನ್ ಪುನಶ್ಚೇತನಗೊಂಡಿತು. ನುಣುಪಾದ ಬಿಳಿ ಮಣ್ಣು, ನೀಲಮಣಿಯಂತಹ ಹೊಳೆಯುವ ನೀಲಿ, ಹಸಿರು ಪ್ರಧಾನವಾದ ಎನಾಮೆಲ್ ಬಣ್ಣಗಳು ಇದರ ಲಕ್ಷಣಗಳು.

(ಈ) ಸುಮಾರು 1720ರಿಂದ 1795: ಯೊಂಗ್‌ಝೆಂಗ್ ಮತ್ತು ಚಿಯೆನ್‌ಲಾಂಗ್ ಆಳ್ವಿಕೆಗಳು. ಚಿನ್ನದ ಅತಿಸೂಕ್ಷ್ಮ ಕಣಗಳಿಂದ ದೊರೆಯುವ ಗುಲಾಬಿ ಬಣ್ಣವು 1720ರ ದಶಕದಿಂದ ಪ್ರಚಾರಕ್ಕೆ ಬಂದಿತು. ನೀಲಿ, ಇಟ್ಟಿಗೆ ಕೆಂಪು ಮತ್ತು ಚಿನ್ನ ಕೂಡಿದ ಜಪಾನೀ ಶೈಲಿಯ ತಟ್ಟೆಗಳು, ಯುರೋಪಿನ ಕುಟುಂಬಗಳ ವಂಶಲಾಂಛನವುಳ್ಳ ತಟ್ಟೆಗಳು, ಎಂಟು ಮೂಲೆಯ ತಟ್ಟೆಗಳು, ನದಿ–ಗೋಪುರಗಳ ನೀಲಿ ಭೂದೃಶ್ಯಗಳು ಈ ಶತಮಾನಕ್ಕೆ ಸೇರಿವೆ. ಊಟದ ತಟ್ಟೆಯ ಸಾಮಾನ್ಯ ಅಳತೆ ಸುಮಾರು 23 ಸೆಂಟಿಮೀಟರ್. 1791ರಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯು ಪಿಂಗಾಣಿಯ ಸಗಟು ಆಮದನ್ನು ನಿಲ್ಲಿಸಿತು.

(ಉ) 1796ರಿಂದ 1860: ನೀಲಿ ತಟ್ಟೆಗಳು ದಪ್ಪವಾಗಿ, ಮಣ್ಣು ಬೂದು ಛಾಯೆಗೆ ತಿರುಗಿ, ಚಿತ್ರವು ಅವಸರದ್ದಾಗಿ ಕಾಣುತ್ತದೆ. ಸುಮಾರು 1840ರ ನಂತರ, ಮಧ್ಯದ ವೃತ್ತದ ಸುತ್ತ ಜನರ ದೃಶ್ಯಗಳನ್ನೂ ಹೂವು–ಹಕ್ಕಿಗಳನ್ನೂ ಪರ್ಯಾಯವಾಗಿ ತುಂಬಿದ ಕ್ಯಾಂಟನ್ ಗುಲಾಬಿ ತಟ್ಟೆಗಳು ಬಹುಸಂಖ್ಯೆಯಲ್ಲಿ ತಯಾರಾದವು. 1850ರ ದಶಕದ ತೈಪಿಂಗ್ ದಂಗೆಯಲ್ಲಿ ಜಿಂಗ್‌ಡೆಝೆನ್‌ನ ಆವಿಗೆಗಳು ಹಾಳಾದವು.

(ಊ) 1861ರಿಂದ 1911: ಆವಿಗೆಗಳು ಪುನಃ ಆರಂಭವಾದವು. ಹಳೆಯ ಮಾದರಿಗಳನ್ನೇ ಮತ್ತೆ ತಯಾರಿಸಿ, ಹಿಂದಿನ ಅರಸರ ಮುದ್ರೆ ಹಾಕುವುದು ಸಾಮಾನ್ಯವಾಯಿತು. ಕ್ರೋಮಿಯಂನಿಂದ ದೊರೆಯುವ ಮಂದವಾದ ಹಸಿರು ಬಣ್ಣವು 19ನೇ ಶತಮಾನದ್ದಾಗಿದ್ದು, ಅದು ಕಂಡಲ್ಲಿ ತಟ್ಟೆಯು 18ನೇ ಶತಮಾನದ್ದಾಗಿರುವುದು ಅಸಾಧ್ಯ.

(ಋ) 1912ರ ನಂತರ: ಕ್ಯಾಂಟನ್ ಗುಲಾಬಿ ಮಾದರಿ ಮುಂದುವರಿಯಿತು. ಅಡಿಯಲ್ಲಿ ಇಂಗ್ಲಿಷ್ ಅಕ್ಷರಗಳ ಮುದ್ರೆ ಹೆಚ್ಚಾಗಿ ಕಾಣುತ್ತದೆ.

ಮುಳುಗಿದ ಹಡಗುಗಳ ಸರಕು ಕಾಲನಿರ್ಣಯಕ್ಕೆ ಅತ್ಯಂತ ಭರವಸೆಯ ಆಧಾರ. ಡಚ್ ಹಡಗು ಗೆಲ್ಡರ್‌ಮಾಲ್ಸೆನ್ 1752ರ ಜನವರಿಯಲ್ಲಿ ಮುಳುಗಿತು. ಅದರಿಂದ ಮೇಲೆತ್ತಿದ ಸುಮಾರು 1,50,000 ಪಿಂಗಾಣಿ ವಸ್ತುಗಳು 1986ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹರಾಜಾದವು. ಚೀನೀ ಹಡಗು ಟೆಕ್ ಸಿಂಗ್ 1822ರಲ್ಲಿ ಮುಳುಗಿದ್ದು, ಅದರ ಸುಮಾರು 3,50,000 ವಸ್ತುಗಳನ್ನು 1999ರಲ್ಲಿ ಮೇಲೆತ್ತಲಾಯಿತು. ಇಂತಹ ಸರಕಿನೊಂದಿಗೆ ಹೋಲಿಸಿದಾಗ, ಯಾವ ವಿನ್ಯಾಸವು ಯಾವ ವರ್ಷದಲ್ಲಿ ಬಳಕೆಯಲ್ಲಿತ್ತು ಎಂಬುದು ಊಹೆಯಿಲ್ಲದೆ ತಿಳಿಯುತ್ತದೆ.

6. ಅಡಿಯ ಮುದ್ರೆಗಳು

ರಫ್ತಿಗಾಗಿ ತಯಾರಾದ ಬಹುತೇಕ ಹಳೆಯ ತಟ್ಟೆಗಳಲ್ಲಿ ಯಾವ ಮುದ್ರೆಯೂ ಇರುವುದಿಲ್ಲ. ಮುದ್ರೆ ಇಲ್ಲವೆಂಬ ಕಾರಣದಿಂದ ತಟ್ಟೆಯನ್ನು ಕಡೆಗಣಿಸಬಾರದು.

ಆಳ್ವಿಕೆಯ ಮುದ್ರೆಯು ಸಾಮಾನ್ಯವಾಗಿ ಆರು ಅಥವಾ ನಾಲ್ಕು ಅಕ್ಷರಗಳದ್ದು. ಮೇಲಿನಿಂದ ಕೆಳಕ್ಕೆ, ಬಲದಿಂದ ಎಡಕ್ಕೆ ಓದತಕ್ಕದ್ದು. ಆರು ಅಕ್ಷರಗಳಲ್ಲಿ ಮೊದಲ ಎರಡು ರಾಜವಂಶವನ್ನು, ಅಂದರೆ ‘ಮಹಾ ಮಿಂಗ್’ ಅಥವಾ ‘ಮಹಾ ಚಿಂಗ್’ ಎಂಬುದನ್ನು ಸೂಚಿಸುತ್ತವೆ. ನಡುವಿನ ಎರಡು ಆಳ್ವಿಕೆಯ ಹೆಸರು. ಕೊನೆಯ ಎರಡು ‘ವರ್ಷಗಳಲ್ಲಿ ತಯಾರಾದದ್ದು’ ಎಂಬ ಅರ್ಥದವು. ನಾಲ್ಕು ಅಕ್ಷರಗಳಿದ್ದಲ್ಲಿ ರಾಜವಂಶದ ಹೆಸರು ಬಿಟ್ಟಿರುತ್ತದೆ.

ಚೀನೀ ಕುಶಲಕರ್ಮಿಗಳು ಹಿಂದಿನ ಅರಸರ ಮುದ್ರೆಯನ್ನು ಪೂರ್ವಿಕರ ಮೇಲಿನ ಗೌರವದಿಂದಲೂ ಬರೆಯುತ್ತಿದ್ದರು, ಬೆಲೆ ಹೆಚ್ಚಿಸಲೂ ಬರೆಯುತ್ತಿದ್ದರು. 1465ರಿಂದ 1487ರವರೆಗೆ ಆಳಿದ ಚೆಂಗ್‌ಹುವಾನ ಮುದ್ರೆಯು ಎರಡು ಶತಮಾನಗಳ ನಂತರದ ಕಾಂಗ್‌ಶಿ ಕಾಲದ ವಸ್ತುಗಳ ಮೇಲೆ ಧಾರಾಳವಾಗಿ ಕಾಣಸಿಗುತ್ತದೆ. ಕಾಂಗ್‌ಶಿಯ ಮುದ್ರೆಯು ಅದೇ ರೀತಿ 19ನೇ ಶತಮಾನದ ಕೊನೆಯ ವಸ್ತುಗಳ ಮೇಲಿದೆ. 1677ರಲ್ಲಿ ಜಿಂಗ್‌ಡೆಝೆನ್‌ನ ಅಧಿಕಾರಿಯು ಪಿಂಗಾಣಿಯ ಮೇಲೆ ಅರಸನ ಹೆಸರು ಬರೆಯುವುದನ್ನು ನಿಷೇಧಿಸಿದ್ದರಿಂದ, ನಿಜವಾದ ಕಾಂಗ್‌ಶಿ ಕಾಲದ ಅನೇಕ ತಟ್ಟೆಗಳ ಅಡಿಯಲ್ಲಿ ಎರಡು ನೀಲಿ ವೃತ್ತಗಳು ಮಾತ್ರ ಇರುತ್ತವೆ, ಅಥವಾ ವೃತ್ತದೊಳಗೆ ಎಲೆ, ಹೂವು ಮುಂತಾದ ಚಿಹ್ನೆ ಇರುತ್ತದೆ. ಹೀಗೆ ಅರಸನ ಹೆಸರಿಲ್ಲದ ತಟ್ಟೆಯು ಹೆಸರಿರುವ ತಟ್ಟೆಗಿಂತ ಹಳೆಯದಾಗಿರಬಹುದು.

ಅಮೆರಿಕ ಸಂಯುಕ್ತ ಸಂಸ್ಥಾನವು 1890ರ ಸುಂಕ ಕಾನೂನಿನಂತೆ, 1891ರಿಂದ ಆಮದು ವಸ್ತುಗಳ ಮೇಲೆ ತಯಾರಾದ ದೇಶದ ಹೆಸರನ್ನು ಇಂಗ್ಲಿಷಿನಲ್ಲಿ ನಮೂದಿಸಲು ಕಡ್ಡಾಯಗೊಳಿಸಿತು. ಆದ್ದರಿಂದ ಇಂಗ್ಲಿಷ್ ಅಕ್ಷರಗಳಲ್ಲಿ ‘ಚೈನಾ’ ಎಂದಿರುವ ತಟ್ಟೆಯು ಸಾಮಾನ್ಯವಾಗಿ 1891ರ ನಂತರದ್ದು. ‘ಮೇಡ್ ಇನ್ ಚೈನಾ’ ಎಂದಿರುವುದು ಬಹುಮಟ್ಟಿಗೆ 1920ರ ಸುಮಾರಿನಿಂದ ಈಚಿನದು. ಆದರೆ ಅಮೆರಿಕಕ್ಕೆ ಹೋಗದ ತಟ್ಟೆಗಳಿಗೆ ಈ ಕಾನೂನು ಅನ್ವಯಿಸಿರಲಿಲ್ಲವಾದ್ದರಿಂದ, ಇಂಗ್ಲಿಷ್ ಮುದ್ರೆ ಇಲ್ಲದ ಮಾತ್ರಕ್ಕೆ ತಟ್ಟೆಯು 1891ಕ್ಕಿಂತ ಹಿಂದಿನದೆಂದು ಹೇಳಲಾಗದು. ಇಂಗ್ಲಿಷ್ ಮುದ್ರೆ ಇದ್ದರೆ ಹೊಸದು ಎಂಬ ಹಳೆಯ ನಿಯಮವೂ ಈಗ ಸಲ್ಲದು. 1891ರಿಂದ 1920ರ ದಶಕದ ಆರಂಭದವರೆಗಿನ ತಟ್ಟೆಗಳು ನೂರು ವರ್ಷಗಳನ್ನು ದಾಟಿವೆ.

7. ಚೀನೀ ತಟ್ಟೆಗಳೆಂದು ತಪ್ಪಾಗಿ ಭಾವಿಸಲಾಗುವ ತಟ್ಟೆಗಳು

(ಅ) ಜಪಾನಿನ ಅರಿತ ತಟ್ಟೆಗಳು: ಅಡಿಯಲ್ಲಿ, ಬಳೆಯ ಒಳಗೆ, ಆವಿಗೆಯಲ್ಲಿ ಆಧಾರವಾಗಿಟ್ಟ ಮೊನೆಗಳ ಸಣ್ಣ ಗುರುತುಗಳು ಇರುತ್ತವೆ. ಚೀನೀ ರಫ್ತು ತಟ್ಟೆಗಳಲ್ಲಿ ಇವು ಸಾಮಾನ್ಯವಾಗಿ ಇರುವುದಿಲ್ಲ.

(ಆ) ಡೆಲ್ಫ್ಟ್ ತಟ್ಟೆಗಳು: ಹಾಲೆಂಡಿನ ಇವು ತವರದ ಬಿಳಿ ಮೆರುಗು ಹಚ್ಚಿದ ಮಣ್ಣಿನ ತಟ್ಟೆಗಳು. ಅಂಚು ಒಡೆದಲ್ಲಿ ಕಂದುಬಣ್ಣದ ಮಣ್ಣು ಕಾಣುತ್ತದೆ.

(ಇ) ಇಂಗ್ಲೆಂಡಿನ ‘ವಿಲೋ’ ಮಾದರಿ: ಸೇತುವೆ, ಮರ ಮತ್ತು ಎರಡು ಹಕ್ಕಿಗಳ ಈ ನೀಲಿ ಚಿತ್ರವು 18ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡದ್ದು. ಬಹುತೇಕ ಇಂತಹ ತಟ್ಟೆಗಳ ಚಿತ್ರ ಅಚ್ಚಿನದು.

(ಈ) ಪ್ಯಾರಿಸ್ಸಿನ ಸ್ಯಾಮ್ಸನ್ ಸಂಸ್ಥೆಯ ತಟ್ಟೆಗಳು: 1845ರಲ್ಲಿ ಆರಂಭವಾದ ಈ ಸಂಸ್ಥೆಯು ವಂಶಲಾಂಛನದ ಚೀನೀ ತಟ್ಟೆಗಳನ್ನು ಬಹು ಚೆನ್ನಾಗಿ ಅನುಕರಿಸಿತು. ಮಣ್ಣಿನ ಛಾಯೆ ಮತ್ತು ಅಡಿಬಳೆಯ ಪರಿಶೀಲನೆಯಿಂದ ವ್ಯತ್ಯಾಸ ತಿಳಿಯುತ್ತದೆ.

8. ದುರಸ್ತಿಯನ್ನು ಪತ್ತೆ ಹಚ್ಚುವುದು

ತಟ್ಟೆಯನ್ನು ಬೆರಳ ತುದಿಗಳ ಮೇಲೆ ನಿಲ್ಲಿಸಿ ಅಂಚನ್ನು ಉಗುರಿನಿಂದ ಮೆಲ್ಲನೆ ತಟ್ಟಿದಾಗ ಗಂಟೆಯಂತಹ ನಾದ ಬಂದರೆ ಬಿರುಕಿಲ್ಲವೆಂದು ಸಾಮಾನ್ಯವಾಗಿ ತಿಳಿಯಬಹುದು. ಮಂದವಾದ ಶಬ್ದ ಬಂದಲ್ಲಿ ಬಿರುಕು ಅಥವಾ ಅಂಟಿಸಿದ ಭಾಗ ಇರಬಹುದು. ಅತಿನೇರಳೆ ದೀಪದ ಕೆಳಗೆ ಇತ್ತೀಚಿನ ದುರಸ್ತಿಯ ಬಣ್ಣವು ಉಳಿದ ಮೇಲ್ಮೈಗಿಂತ ಭಿನ್ನವಾಗಿ ಹೊಳೆಯುತ್ತದೆ. ಹಿಂಬದಿಯಲ್ಲಿ ಲೋಹದ ಕೊಕ್ಕೆಗಳಿಂದ ಹೊಲಿದಂತಹ ಜೋಡಣೆ ಇದ್ದರೆ ಅದು ಆಧುನಿಕ ಅಂಟುಗಳು ಬರುವುದಕ್ಕೆ ಮುಂಚಿನ ದುರಸ್ತಿ ವಿಧಾನ. ಅದೂ ತಟ್ಟೆಯ ಇತಿಹಾಸದ ಭಾಗ. ಅಂತಹ ಕೊಕ್ಕೆಗಳನ್ನು ಕೀಳಬಾರದು.

9. ಎರಡು ಉದಾಹರಣೆಗಳು

ಉದಾಹರಣೆ 1: ಒಂದು ತಟ್ಟೆಯ ಅಡಿಯಲ್ಲಿ ಕಾಂಗ್‌ಶಿಯ ಆರು ಅಕ್ಷರಗಳ ಮುದ್ರೆ ಇದೆ ಎಂದು ಭಾವಿಸೋಣ. ಮುಂಭಾಗದಲ್ಲಿ ಗುಲಾಬಿ ಬಣ್ಣದ ಹೂವುಗಳು ಧಾರಾಳವಾಗಿವೆ, ಎಲೆಗಳಲ್ಲಿ ಕ್ರೋಮಿಯಂನ ಮಂದ ಹಸಿರು ಇದೆ. ಕಾಂಗ್‌ಶಿಯ ಆಳ್ವಿಕೆ 1722ಕ್ಕೆ ಮುಗಿಯಿತು. ಗುಲಾಬಿ ಬಣ್ಣ ಅದೇ ಹೊತ್ತಿಗೆ ಈಗಷ್ಟೇ ಬಂದಿತ್ತು, ಕ್ರೋಮಿಯಂ ಹಸಿರು ಇರಲೇ ಇಲ್ಲ. ಆದ್ದರಿಂದ ಮುದ್ರೆ ಸುಳ್ಳು. ತಟ್ಟೆಯು 19ನೇ ಶತಮಾನದ ಉತ್ತರಾರ್ಧದ್ದಾಗಿರುವ ಸಂಭವ ಹೆಚ್ಚು. ಇಲ್ಲಿಗೆ ಅನೇಕರು ‘ನಕಲಿ, ಆದ್ದರಿಂದ ಕಾನೂನು ಅನ್ವಯಿಸದು’ ಎಂದು ತೀರ್ಮಾನಿಸುತ್ತಾರೆ. ಇದು ತಪ್ಪು. ಕಾನೂನು ಕೇಳುವುದು ವಸ್ತುವಿನ ವಯಸ್ಸನ್ನೇ ಹೊರತು ಮುದ್ರೆಯ ಸತ್ಯಾಸತ್ಯತೆಯನ್ನಲ್ಲ. ನೂರೈವತ್ತು ವರ್ಷಗಳ ಹಿಂದಿನ ನಕಲೂ ನೂರು ವರ್ಷ ಮೀರಿದ ವಸ್ತುವೇ ಆಗಿದೆ.

ಉದಾಹರಣೆ 2: ‘ಮೇಡ್ ಇನ್ ಚೈನಾ’ ಎಂಬ ಮುದ್ರೆಯುಳ್ಳ ಕ್ಯಾಂಟನ್ ಗುಲಾಬಿ ತಟ್ಟೆಯೊಂದಿದೆ. ಲಕ್ಷಣಗಳಿಂದ ಅದು 1920ರಿಂದ 1940ರ ನಡುವಿನದೆಂದು ಮಾತ್ರ ಹೇಳಬಹುದು. ಗಡಿಯು ಇದೇ ಅವಧಿಯಲ್ಲಿ ಹಾದುಹೋಗುತ್ತದೆ. ಇಲ್ಲಿ ಮಣ್ಣು, ಮೆರುಗು ನೆರವಾಗುವುದಿಲ್ಲ. ಖರೀದಿಯ ರಸೀದಿ, ಹಳೆಯ ಪತ್ರ, ಮದುವೆಯ ಉಡುಗೊರೆಗಳ ಪಟ್ಟಿ, ಊಟದ ಮೇಜು ಕಾಣುವ ಹಳೆಯ ಛಾಯಾಚಿತ್ರ ಇವೇ ಮುಖ್ಯ ಸಾಕ್ಷ್ಯವಾಗುತ್ತವೆ. ಆದಕಾರಣ ಮನೆ ಖಾಲಿ ಮಾಡುವಾಗ ತಟ್ಟೆಯನ್ನು ಉಳಿಸಿ ಕಾಗದಗಳನ್ನು ರದ್ದಿಗೆ ಹಾಕಬಾರದೆಂದು ಕೋರಲಾಗಿದೆ.

10. ಪ್ರಯೋಗಾಲಯದ ಪರೀಕ್ಷೆ

ಉಷ್ಣದೀಪ್ತಿ ವಿಧಾನವು ಮಣ್ಣಿನ ವಸ್ತುವನ್ನು ಕೊನೆಯ ಬಾರಿ ಸುಟ್ಟು ಎಷ್ಟು ಕಾಲವಾಯಿತೆಂಬುದನ್ನು ಅಂದಾಜಿಸುತ್ತದೆ. ಪಿಂಗಾಣಿಯಲ್ಲಿ ಇದಕ್ಕಾಗಿ ಮಾದರಿಯನ್ನು ಕೊರೆದು ತೆಗೆಯಬೇಕಾಗುವುದರಿಂದ ತೆಳುವಾದ ತಟ್ಟೆಗಳಿಗೆ ಹಾನಿಯಾಗಬಹುದು. ಕ್ಷ-ಕಿರಣ ಪ್ರತಿದೀಪ್ತಿ ವಿಧಾನದಲ್ಲಿ ತಟ್ಟೆಗೆ ಹಾನಿಯಿಲ್ಲದೆ ಬಣ್ಣಗಳಲ್ಲಿರುವ ಧಾತುಗಳನ್ನು ತಿಳಿಯಬಹುದು. ಚೀನಾದ ಸ್ಥಳೀಯ ಕೋಬಾಲ್ಟ್ ಅದಿರಿನಲ್ಲಿ ಮ್ಯಾಂಗನೀಸ್ ಹೆಚ್ಚಾಗಿರುವುದು, ಆಧುನಿಕ ಶುದ್ಧೀಕೃತ ಕೋಬಾಲ್ಟಿನಲ್ಲಿ ಕಡಿಮೆಯಿರುವುದು ಇಂತಹ ಪರೀಕ್ಷೆಯಲ್ಲಿ ಸಹಾಯಕವಾಗುತ್ತದೆ. ಸಾಮಾನ್ಯ ಗೃಹಬಳಕೆಯ ತಟ್ಟೆಗಳಿಗೆ ತಜ್ಞರ ನೇರ ಪರಿಶೀಲನೆಯೇ ಬಹುತೇಕ ಸಾಕಾಗುತ್ತದೆ.

11. ಆರೈಕೆ ಮತ್ತು ಎಚ್ಚರಿಕೆ

- ಪರಿಶೀಲನೆಗೆ ಮುನ್ನ ಬ್ಲೀಚಿಂಗ್ ಪುಡಿ, ಆಮ್ಲ, ಹುಣಸೆಹಣ್ಣು ಅಥವಾ ಒರಟು ನಾರಿನಿಂದ ಉಜ್ಜಬಾರದು. ಸವೆತ ಮತ್ತು ಬಣ್ಣದ ಸಾಕ್ಷ್ಯ ಶಾಶ್ವತವಾಗಿ ಅಳಿಸಿಹೋಗುತ್ತದೆ.
- ಉಗುರುಬೆಚ್ಚಗಿನ ನೀರು ಮತ್ತು ಮೃದುವಾದ ಬಟ್ಟೆ ಸಾಕು. ಬಿರುಕು ಅಥವಾ ಅಂಟಿಸಿದ ಭಾಗವಿದ್ದಲ್ಲಿ ನೀರಿನಲ್ಲಿ ಮುಳುಗಿಸಬಾರದು.
- ತಟ್ಟೆಗಳನ್ನು ಒಂದರ ಮೇಲೊಂದು ಇಡುವಾಗ ನಡುವೆ ಬಟ್ಟೆ ಅಥವಾ ಕಾಗದ ಇಡತಕ್ಕದ್ದು.
- ಹಳೆಯ ಎನಾಮೆಲ್ ಬಣ್ಣಗಳಲ್ಲಿ ಸೀಸದ ಅಂಶವಿರುತ್ತದೆ. ಅಂತಹ ತಟ್ಟೆಗಳಲ್ಲಿ ಆಹಾರವನ್ನು, ವಿಶೇಷವಾಗಿ ಹುಳಿ ಪದಾರ್ಥಗಳನ್ನು, ಬಡಿಸಬಾರದು.

12. ಅರ್ಜಿ ಸಲ್ಲಿಸುವವರ ಗಮನಕ್ಕೆ

ನೂರು ವರ್ಷ ತುಂಬದ ತಟ್ಟೆಯನ್ನು ಹೊರದೇಶಕ್ಕೆ ಕೊಂಡೊಯ್ಯಲು ಇಚ್ಛಿಸುವವರು, ಅದು ಪ್ರಾಚ್ಯವಸ್ತುವಲ್ಲ ಎಂಬ ಪ್ರಮಾಣಪತ್ರಕ್ಕಾಗಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂಬಂಧಪಟ್ಟ ಕಚೇರಿಯನ್ನು ಪ್ರಯಾಣಕ್ಕೆ ಸಾಕಷ್ಟು ಮುಂಚಿತವಾಗಿ ಸಂಪರ್ಕಿಸತಕ್ಕದ್ದು. ಈ ಕೆಳಕಂಡವುಗಳನ್ನು ಸಿದ್ಧಪಡಿಸಿಕೊಂಡಲ್ಲಿ ಪರಿಶೀಲನೆ ಸುಗಮವಾಗುತ್ತದೆ:

(ಅ) ತಟ್ಟೆಯ ಮುಂಭಾಗ, ಹಿಂಭಾಗ, ಅಡಿಬಳೆ ಮತ್ತು ಮುದ್ರೆಯ ಸ್ಪಷ್ಟ ಛಾಯಾಚಿತ್ರಗಳು.
(ಆ) ವ್ಯಾಸ ಮತ್ತು ಎತ್ತರ, ಸೆಂಟಿಮೀಟರ್‌ಗಳಲ್ಲಿ.
(ಇ) ಬಿರುಕು, ಒಡಕು, ದುರಸ್ತಿಗಳ ವಿವರ.
(ಈ) ವಸ್ತುವು ತಮ್ಮ ಸ್ವಾಧೀನಕ್ಕೆ ಬಂದ ಬಗೆ ಮತ್ತು ಅದಕ್ಕೆ ಸಂಬಂಧಿಸಿದ ದಾಖಲೆಗಳು.

ಛಾಯಾಚಿತ್ರಗಳಿಂದ ಪ್ರಾಥಮಿಕ ಅಭಿಪ್ರಾಯ ದೊರೆತರೂ, ವಸ್ತುವನ್ನು ಖುದ್ದಾಗಿ ಹಾಜರುಪಡಿಸಲು ಸೂಚಿಸಬಹುದು. ಹೋಲಿಕೆಗಾಗಿ ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯ ಮತ್ತು ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯಗಳಲ್ಲಿರುವ ಚೀನೀ ಪಿಂಗಾಣಿಯನ್ನು ವೀಕ್ಷಿಸುವುದು ಉಪಯುಕ್ತ.

13. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವಿದೇಶದಲ್ಲಿರುವ ಮಗಳಿಗೆ ಅಜ್ಜಿಯ ತಟ್ಟೆಯನ್ನು ಉಡುಗೊರೆಯಾಗಿ ಕಳುಹಿಸಬಹುದೇ?
ಉತ್ತರ: ತಟ್ಟೆಗೆ ನೂರು ವರ್ಷ ತುಂಬಿದ್ದಲ್ಲಿ ಸಾಧ್ಯವಿಲ್ಲ. ಹಣ ಪಡೆಯದಿರುವುದರಿಂದ ಅಥವಾ ಅಂಚೆಯ ಮೂಲಕ ಕಳುಹಿಸುವುದರಿಂದ ವಿನಾಯಿತಿ ದೊರೆಯುವುದಿಲ್ಲ.

ಪ್ರಶ್ನೆ: ಒಡೆದ ತಟ್ಟೆಗೂ ಇದು ಅನ್ವಯಿಸುತ್ತದೆಯೇ?
ಉತ್ತರ: ಹೌದು. ಒಡೆದಿರುವುದು ಬೆಲೆಯನ್ನು ತಗ್ಗಿಸಬಹುದು, ವಯಸ್ಸನ್ನು ತಗ್ಗಿಸುವುದಿಲ್ಲ.

ಪ್ರಶ್ನೆ: ಕಾಲನಿರ್ಣಯದೊಂದಿಗೆ ಬೆಲೆಯನ್ನೂ ತಿಳಿಸಲಾಗುತ್ತದೆಯೇ?
ಉತ್ತರ: ಇಲ್ಲ. ಪ್ರಾಚ್ಯವಸ್ತು ಹೌದೇ ಅಲ್ಲವೇ ಎಂಬ ನಿರ್ಣಯವು ವಯಸ್ಸಿಗೆ ಸಂಬಂಧಿಸಿದ್ದು, ಮಾರುಕಟ್ಟೆ ಮೌಲ್ಯಕ್ಕೆ ಸಂಬಂಧಿಸಿದ್ದಲ್ಲ.

ಪ್ರಶ್ನೆ: ಸಂಶಯ ಉಳಿದಲ್ಲಿ ಏನು ಮಾಡಬೇಕು?
ಉತ್ತರ: ತಟ್ಟೆಯನ್ನು ಹಾಗೆಯೇ ಜೋಪಾನವಾಗಿಟ್ಟು, ನಿರ್ಣಯ ಪಡೆಯುವವರೆಗೆ ಹೊರದೇಶಕ್ಕೆ ಕಳುಹಿಸುವುದನ್ನೂ ಮಾರಾಟವನ್ನೂ ಮುಂದೂಡತಕ್ಕದ್ದು.

ಸಾರಾಂಶವಾಗಿ, ಮೊದಲು ವಸ್ತು, ನಂತರ ಅಡಿಬಳೆ, ಮೆರುಗು, ಬಣ್ಣ, ಸವೆತ, ಕಡೆಯಲ್ಲಿ ಮುದ್ರೆ, ಇವೆಲ್ಲದರ ಜೊತೆಗೆ ಮನೆಯ ಕಾಗದಪತ್ರ ಎಂಬ ಕ್ರಮವನ್ನು ಪಾಲಿಸಿದಲ್ಲಿ ತಪ್ಪು ತೀರ್ಮಾನಗಳನ್ನು ಬಹುಮಟ್ಟಿಗೆ ತಪ್ಪಿಸಬಹುದು. ಸಾರ್ವಜನಿಕರು ಇದರ ಸದುಪಯೋಗ ಪಡೆದುಕೊಳ್ಳುವಂತೆ ಕೋರಲಾಗಿದೆ.